ಕೈ ಜಿಪಿಎಸ್‌ಗಳನ್ನು ಪಕ್ಕಪಕ್ಕ ಇಟ್ಟು ತೂಗುವುದು

ಎರಡು ಕೈ ಜಿಪಿಎಸ್‌ಗಳನ್ನು ಪಕ್ಕಪಕ್ಕ ಇಟ್ಟವರು ಮೊದಲು ನೋಡುವುದು ಪರದೆಯ ಮೇಲಿನ ‘±’ ಸಂಖ್ಯೆಯನ್ನು. ಒಂದರಲ್ಲಿ 3 ಮೀಟರ್, ಇನ್ನೊಂದರಲ್ಲಿ 5 ಮೀಟರ್. ಮೂರು ತೋರಿಸಿದ್ದೇ ಒಳ್ಳೆಯದು ಎಂದು ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಇವತ್ತಿನ ಮಾತು ಮುಗಿಯುವಷ್ಟರಲ್ಲಿ ನೀವು ಆ ಅಭ್ಯಾಸ ಬಿಟ್ಟರೆ ನನಗೆ ಅಷ್ಟೇ ಸಾಕು.

ಆ ಸಂಖ್ಯೆ ಏನು ಎಂಬುದನ್ನೇ ಮೊದಲು ನೋಡೋಣ. ಸಾಧನಕ್ಕೆ ತಾನು ಎಷ್ಟು ತಪ್ಪಿದ್ದೇನೆ ಎಂದು ಗೊತ್ತಿರುವುದಿಲ್ಲ. ಗೊತ್ತಿದ್ದರೆ ಆ ತಪ್ಪನ್ನು ಕಳೆದು ಸರಿಯಾದ ಜಾಗವನ್ನೇ ತೋರಿಸುತ್ತಿತ್ತಲ್ಲ? ಉಪಗ್ರಹಗಳು ಆಕಾಶದಲ್ಲಿ ಹೇಗೆ ಹರಡಿವೆ, ಸಿಗ್ನಲ್ ಎಷ್ಟು ಗಟ್ಟಿಯಾಗಿದೆ, ಲೆಕ್ಕ ಹಾಕಿದ ಮೇಲೆ ತಾಳೆಯಾಗದೆ ಉಳಿದದ್ದೆಷ್ಟು, ಇವನ್ನೆಲ್ಲ ಸೇರಿಸಿ ಅದು ಒಂದು ಅಂದಾಜು ಕಟ್ಟುತ್ತದೆ. ಆ ಅಂದಾಜಿನ ಸೂತ್ರವನ್ನು ತಯಾರಕರು ಸಾಮಾನ್ಯವಾಗಿ ಹೊರಗೆ ಹೇಳುವುದಿಲ್ಲ. ‘3 ಮೀಟರ್’ ಎಂದರೆ ಅರ್ಧದಷ್ಟು ಸಲ ನೀವು ಆ ವೃತ್ತದೊಳಗಿದ್ದೀರಿ ಎಂದಿರಬಹುದು, ನೂರಕ್ಕೆ ತೊಂಬತ್ತೈದು ಸಲ ಎಂದೂ ಇರಬಹುದು. ತಪ್ಪುಗಳು ಎಲ್ಲ ದಿಕ್ಕಿಗೂ ಸಮನಾಗಿ ಚದುರಿವೆ ಎಂದುಕೊಂಡರೆ, ಶೇಕಡಾ 50ರ ವೃತ್ತ 3 ಮೀಟರ್ ಇದ್ದಲ್ಲಿ ಶೇಕಡಾ 95ರ ವೃತ್ತ ಸುಮಾರು 6.2 ಮೀಟರ್ ಆಗುತ್ತದೆ. ಅಂದರೆ ಒಂದೇ ಗುಣದ ಎರಡು ಸಾಧನಗಳಲ್ಲಿ ಒಂದು 3 ಎಂದೂ ಇನ್ನೊಂದು 6 ಎಂದೂ ತೋರಿಸಿ, ಎರಡೂ ನಿಜವನ್ನೇ ಹೇಳುತ್ತಿರಬಹುದು. ಹಾಗಾಗಿ ಈ ಸಂಖ್ಯೆಯನ್ನು ಅದೇ ಸಾಧನದ ಹಿಂದಿನ ಸಂಖ್ಯೆಯ ಜೊತೆ ಹೋಲಿಸಿ. ‘ಈಗ ಹದಗೆಟ್ಟಿತು, ಈಗ ಸುಧಾರಿಸಿತು’ ಎಂದು ತಿಳಿಯಲು ಅದು ಬಹಳ ಉಪಯೋಗಿ. ಬೇರೆ ಸಾಧನದ ಸಂಖ್ಯೆಯ ಪಕ್ಕ ಮಾತ್ರ ಇಡಬೇಡಿ.

ಹಾಗಾದರೆ ತಪ್ಪು ಎಲ್ಲಿಂದ ಬರುತ್ತದೆ? ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಹೊರಟ ಸಿಗ್ನಲ್ ನಿಮ್ಮ ಅಂಗೈಗೆ ಬರುವಾಗ, ಒಂದು ವ್ಯಾಟನ್ನು ನೂರು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲಿನಷ್ಟು ಉಳಿದಿರುತ್ತದೆ. ಸುತ್ತಲಿನ ಸಹಜ ವಿದ್ಯುತ್ ಗದ್ದಲಕ್ಕಿಂತಲೂ ಅದು ಕೆಳಗಿನ ಮಟ್ಟ. ಆದರೂ ರಿಸೀವರ್ ಅದನ್ನು ಹೆಕ್ಕುತ್ತದೆ. ಪ್ರತಿ ಉಪಗ್ರಹವೂ 1,023 ತುಣುಕುಗಳ ತನ್ನದೇ ಸಂಕೇತವನ್ನು ಮಿಲಿಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಆ ಸಂಕೇತ ರಿಸೀವರ್‌ಗೆ ಮೊದಲೇ ಗೊತ್ತು, ಗದ್ದಲದ ಮೇಲೆ ಅದನ್ನು ಸರಿಸುತ್ತಾ ಹೋಗಿ ಎಲ್ಲಿ ಕೂಡುತ್ತದೆ ಎಂದು ನೋಡುತ್ತದೆ. ಕೂಡಿದ ಹೊತ್ತೇ ದೂರದ ಅಳತೆ. ಒಂದು ನ್ಯಾನೋಸೆಕೆಂಡು ತಪ್ಪಿದರೆ 30 ಸೆಂಟಿಮೀಟರ್, ಒಂದು ಮೈಕ್ರೋಸೆಕೆಂಡು ತಪ್ಪಿದರೆ 300 ಮೀಟರ್.

ಈ ಅಳತೆಯೊಳಗೆ ಎರಡು ಜಾತಿಯ ತಪ್ಪುಗಳು ನುಸುಳುತ್ತವೆ, ಎರಡನ್ನೂ ಬೇರೆ ಮಾಡಿ ನೋಡುವುದು ಬಹಳ ಮುಖ್ಯ. ಉಪಗ್ರಹದ ಗಡಿಯಾರ ಮತ್ತು ಕಕ್ಷೆಯ ತಪ್ಪು ಒಂದು ಜಾತಿ, ವಾತಾವರಣದ ಮೇಲುಭಾಗದಲ್ಲಿ ವಿದ್ಯುದಾವೇಶದ ಕಣಗಳಿರುವ ಅಯಾನುಗೋಳದಲ್ಲಿ ಸಿಗ್ನಲ್ ತಡವಾಗುವುದೂ ಅದೇ ಜಾತಿ. ಅಯಾನುಗೋಳದ ಈ ತಡ ರಾತ್ರಿ ಕಡಿಮೆ, ಮಧ್ಯಾಹ್ನ ಎರಡರ ಸುಮಾರಿಗೆ ಹೆಚ್ಚು. ಸೂರ್ಯನ ಚಟುವಟಿಕೆ ಏರಿದ ವರ್ಷಗಳಲ್ಲಿ ಇನ್ನೂ ಹೆಚ್ಚು. ಭೂಕಾಂತ ಸಮಭಾಜಕದ ಆಸುಪಾಸಿನಲ್ಲಿ ಸೂರ್ಯಾಸ್ತದ ನಂತರ ಕೆಲವು ಗಂಟೆ ಸಿಗ್ನಲ್ ಮಿನುಗುವುದೂ ಉಂಟು. ಈ ಜಾತಿಯ ತಪ್ಪು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಇರುವ ಎಲ್ಲ ಸಾಧನಗಳಿಗೂ ಹೆಚ್ಚುಕಡಿಮೆ ಒಂದೇ. ಇನ್ನೊಂದು ಜಾತಿ ಸಾಧನದ್ದೇ. ಆಂಟೆನಾ ಎಂಥದ್ದು, ಗೋಡೆಗೆ ಬಡಿದು ಬಂದ ಪ್ರತಿಫಲನವನ್ನು ಎಷ್ಟು ದೂರ ಇಡುತ್ತದೆ, ಒಳಗಿನ ತಂತ್ರಾಂಶ ಸ್ಥಾನವನ್ನು ಹೇಗೆ ನಯಗೊಳಿಸುತ್ತದೆ, ಇವೆಲ್ಲ ಇದರಲ್ಲಿ ಬರುತ್ತವೆ.

ಈಗ ಯೋಚಿಸಿ. ಒಂದನ್ನು ಬೆಳಿಗ್ಗೆ ಪರೀಕ್ಷಿಸಿ, ಇನ್ನೊಂದನ್ನು ಮಧ್ಯಾಹ್ನ ಪರೀಕ್ಷಿಸಿದರೆ ನೀವು ಹೋಲಿಸಿದ್ದು ಸಾಧನಗಳನ್ನಲ್ಲ, ಬೆಳಗಿನ ಮತ್ತು ಮಧ್ಯಾಹ್ನದ ಅಯಾನುಗೋಳವನ್ನು. ಒಂದೇ ಆಕಾಶ, ಒಂದೇ ಹೊತ್ತು, ಒಂದೇ ಜಾಗ ಎಂಬ ಕಟ್ಟುಪಾಡು ಬಂದದ್ದು ಇಲ್ಲಿಂದ.

ಆಂಟೆನಾಕ್ಕೆ ಬರೋಣ. ಗ್ರಹಣಶಕ್ತಿಯ ವಿಚಾರದಲ್ಲಿ ನಿಮಗೆ ಕಣ್ಣಿಗೆ ಕಾಣುವ ವ್ಯತ್ಯಾಸ ಬಹುಪಾಲು ಇಲ್ಲಿಯೇ ಇದೆ. ಕೈ ಸಾಧನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಪ್ಯಾಚ್, ಚೌಕಾಕಾರದ ಸೆರಾಮಿಕ್ ಬಿಲ್ಲೆ. ಇನ್ನೊಂದು ಹೆಲಿಕ್ಸ್, ತಂತಿಗಳನ್ನು ಸುರುಳಿಯಾಗಿ ಸುತ್ತಿದ ಮೋಟು ಕೊಳವೆ. ಗಾರ್ಮಿನ್‌ನ ಇಟ್ರೆಕ್ಸ್ ಪ್ಯಾಚ್‌ನದ್ದು. ಅದೇ ಕಂಪನಿಯ ಜಿಪಿಎಸ್‌ಮ್ಯಾಪ್ 64ರ ತಲೆಯ ಮೇಲೆ ಎದ್ದು ನಿಂತ ಮೋಟು ಕಾಣುತ್ತದಲ್ಲ, ಅದರೊಳಗೆ ಇರುವುದು ಹೆಲಿಕ್ಸ್. ಪ್ಯಾಚ್ ತನ್ನ ಮುಖ ನೋಡುವ ಕಡೆಯಿಂದ ಚೆನ್ನಾಗಿ ಕೇಳುತ್ತದೆ, ಆದ್ದರಿಂದ ಅದನ್ನು ತಟ್ಟೆಯಂತೆ ಮಲಗಿಸಿ ಹಿಡಿಯಬೇಕು. ಹೆಲಿಕ್ಸ್‌ನ ತುದಿ ಆಕಾಶ ನೋಡಬೇಕು, ಆದ್ದರಿಂದ ಅದನ್ನು ಎದ್ದು ನಿಲ್ಲಿಸಿ ಹಿಡಿಯಬೇಕು. ಎರಡನ್ನೂ ಮೇಜಿನ ಮೇಲೆ ಮಲಗಿಸಿ ‘ಇದಕ್ಕಿಂತ ಅದು ಚುರುಕು’ ಎಂದರೆ ಹೆಲಿಕ್ಸ್‌ಗೆ ಅನ್ಯಾಯ. ಎರಡನ್ನೂ ಕೊರಳಿಗೆ ನೇತುಹಾಕಿ ಹೋಲಿಸಿದರೆ ಪ್ಯಾಚ್‌ಗೆ ಅನ್ಯಾಯ.

ಇದನ್ನು ನೀವೇ ಮಾಡಿ ನೋಡಬಹುದು. ಬಯಲಿನಲ್ಲಿ ನಿಂತು ಉಪಗ್ರಹಗಳ ಪುಟ ತೆರೆಯಿರಿ. ಅದರಲ್ಲಿ ಎತ್ತರದ ಒಂದು, ದಿಗಂತದ ಹತ್ತಿರದ ಒಂದು, ಹೀಗೆ ಎರಡು ಉಪಗ್ರಹಗಳನ್ನು ಗುರುತಿಟ್ಟುಕೊಳ್ಳಿ. ಸಾಧನವನ್ನು ಮಲಗಿಸಿ ಅರ್ಧ ನಿಮಿಷ ಬಿಟ್ಟು ಎರಡರ ಸಿಗ್ನಲ್ ಬರೆದುಕೊಳ್ಳಿ. ನಿಲ್ಲಿಸಿ ಮತ್ತೆ ಅರ್ಧ ನಿಮಿಷ. ಆಮೇಲೆ ಎದೆಗೆ ಒತ್ತಿ ಹಿಡಿದು ಇನ್ನೊಮ್ಮೆ. ನಮ್ಮ ಮೈಯಲ್ಲಿ ಹೆಚ್ಚಿನದು ನೀರು, ಈ ಆವರ್ತನದ ಅಲೆಯನ್ನು ನೀರು ಚೆನ್ನಾಗಿಯೇ ಹೀರುತ್ತದೆ. ನಿಮ್ಮ ಬೆನ್ನ ಹಿಂದಿನ ಉಪಗ್ರಹದ ಸಿಗ್ನಲ್ ತೋರಿಸುವ ಕಂಬ ಪರದೆಯಲ್ಲಿ ಕುಸಿಯುವುದು ಕಾಣುತ್ತದೆ. ಹೆಬ್ಬೆರಳು ಪ್ಯಾಚ್‌ನ ಮೇಲೆ ಕುಳಿತರೂ ಹೀಗೆಯೇ ಆಗುತ್ತದೆ.

ಸಿಗ್ನಲ್ ಕಂಬಗಳನ್ನೂ ಎರಡು ಸಾಧನಗಳ ನಡುವೆ ಹೋಲಿಸಬೇಡಿ. ಕಂಬ ಎಲ್ಲಿ ಶುರು, ಎಲ್ಲಿ ತುಂಬಿತು ಎಂಬುದು ತಯಾರಕರ ಇಷ್ಟ. ಅಂಕಿ ಬೇಕೆಂದರೆ ಎನ್‌ಎಂಇಎ (ಜಿಪಿಎಸ್ ಸಾಧನಗಳು ಮಾಹಿತಿ ಕಳಿಸುವ ಸಾಮಾನ್ಯ ಪಠ್ಯರೂಪ) ಸಾಲುಗಳನ್ನು ಹೊರಗೆ ಕಳಿಸುವ ಸೌಲಭ್ಯ ಇದೆಯೇ ನೋಡಿ. ಅದರಲ್ಲಿ ಜಿಎಸ್‌ವಿ ಎಂಬ ಸಾಲಿನಲ್ಲಿ ಪ್ರತಿ ಉಪಗ್ರಹಕ್ಕೆ ನಾಲ್ಕು ಸಂಖ್ಯೆಗಳಿರುತ್ತವೆ: ಉಪಗ್ರಹದ ಕ್ರಮಾಂಕ, ದಿಗಂತದಿಂದ ಎಷ್ಟು ಡಿಗ್ರಿ ಎತ್ತರ, ಯಾವ ದಿಕ್ಕು, ಸಿಗ್ನಲ್ ಎಷ್ಟು ಡೆಸಿಬೆಲ್. ನಾವು ನೋಡಬೇಕಾದದ್ದು ಕೊನೆಯದು. ಬಯಲಿನಲ್ಲಿ, ನೆತ್ತಿಯ ಮೇಲಿನ ಉಪಗ್ರಹಕ್ಕೆ 45ರ ಆಸುಪಾಸು ಬಂದರೆ ಗಟ್ಟಿ ಸಿಗ್ನಲ್. ಎಲೆಗಳ ಕೆಳಗೆ 30ರ ಆಜುಬಾಜು ಆಡುತ್ತಿರುತ್ತದೆ. 25ಕ್ಕಿಂತ ಕೆಳಗಿಳಿದದ್ದನ್ನು ನಂಬಿ ಕೂರುವಂತಿಲ್ಲ. ಮೂರು ಡೆಸಿಬೆಲ್ ಇಳಿದರೆ ಶಕ್ತಿ ಅರ್ಧವಾಯಿತೆಂದು ಅರ್ಥ. ಒಂದೇ ಉಪಗ್ರಹಕ್ಕೆ, ಒಂದೇ ಕ್ಷಣದಲ್ಲಿ, ಎರಡು ಸಾಧನಗಳ ನಡುವೆ 5–6 ಡೆಸಿಬೆಲ್ ಅಂತರ ನಿರಂತರವಾಗಿ ಕಂಡರೆ ಆಂಟೆನಾದಲ್ಲಿ ನಿಜವಾದ ವ್ಯತ್ಯಾಸವಿದೆ ಎಂದು ಹೇಳಬಹುದು.

ಇಲ್ಲಿ ಒಂದು ಎಚ್ಚರಿಕೆ. ‘ಹೆಚ್ಚು ಉಪಗ್ರಹ ಹಿಡಿಯಿತು’ ಎಂದ ಮಾತ್ರಕ್ಕೆ ‘ಹೆಚ್ಚು ನಿಖರ’ ಎಂದಾಗುವುದಿಲ್ಲ. ಸೂಕ್ಷ್ಮ ರಿಸೀವರ್ ಕಟ್ಟಡದ ಆಚೆ ಮರೆಯಾದ ಉಪಗ್ರಹವನ್ನೂ ಹಿಡಿಯುತ್ತದೆ. ಹಿಡಿದದ್ದು ನೇರ ಸಿಗ್ನಲ್ ಅಲ್ಲ, ಎದುರು ಗೋಡೆಗೆ ಬಡಿದು ಬಂದದ್ದು. ಆ ದಾರಿ ನೇರ ದಾರಿಗಿಂತ 40 ಮೀಟರ್ ಉದ್ದವಾಗಿದ್ದರೆ ಆ ಉಪಗ್ರಹದ ದೂರದಲ್ಲಿ 40 ಮೀಟರ್ ಸುಳ್ಳು ಸೇರಿತು. ಮಂದ ರಿಸೀವರ್ ಅದನ್ನು ಕೇಳಲೇ ಇಲ್ಲ, ಹಾಗಾಗಿ ಮೋಸವೂ ಹೋಗಲಿಲ್ಲ. ಒಳ್ಳೆಯ ಆಂಟೆನಾ ಇದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಉಪಗ್ರಹದ ಅಲೆ ಬಲಕ್ಕೆ ಸುತ್ತುತ್ತಾ ಬರುತ್ತದೆ, ಒಮ್ಮೆ ಪ್ರತಿಫಲಿಸಿದರೆ ಬಹುಮಟ್ಟಿಗೆ ಎಡಸುತ್ತಾಗುತ್ತದೆ. ಬಲಸುತ್ತಿಗೆ ಹೊಂದಿಸಿದ ಆಂಟೆನಾ ಎಡಸುತ್ತನ್ನು ಕ್ಷೀಣವಾಗಿ ಕೇಳುತ್ತದೆ. ಎರಡು ಸಲ ಬಡಿದು ಬಂದರೆ ಮತ್ತೆ ಬಲಸುತ್ತಾಗುತ್ತದೆ, ಆಗ ಈ ಉಪಾಯ ನಡೆಯುವುದಿಲ್ಲ.

ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಮಾತು. ಹಳೆಯ ಬರಹಗಳಲ್ಲಿ ‘ಜಿಪಿಎಸ್ 100 ಮೀಟರ್ ತಪ್ಪುತ್ತದೆ, ಗಂಟೆಗಟ್ಟಲೆ ಸರಾಸರಿ ತೆಗೆಯಿರಿ’ ಎಂದು ಓದಿರುತ್ತೀರಿ. ಆಗ ಅದು ನಿಜವೇ ಆಗಿತ್ತು. ನಾಗರಿಕರ ಸಿಗ್ನಲ್‌ಗೆ ಅಮೆರಿಕ ಬೇಕೆಂದೇ ತಪ್ಪು ಬೆರೆಸುತ್ತಿತ್ತು. 2000ದ ಮೇ 2ರಂದು ಅದನ್ನು ನಿಲ್ಲಿಸಿದರು, ಅದೇ ದಿನ ಅದೇ ಸಾಧನಗಳ ತಪ್ಪು ಹತ್ತಾರು ಮೀಟರ್‌ಗಳಿಂದ ಹತ್ತರ ಒಳಗೆ ಇಳಿಯಿತು. ಅದಕ್ಕಿಂತ ಹಿಂದಿನ ಹೋಲಿಕೆಗಳನ್ನು ಇವತ್ತು ಆಧಾರವಾಗಿ ಹಿಡಿಯಬೇಡಿ.

ಈಗ ಪರೀಕ್ಷೆ. ಒಂದು ಮೀಟರ್ ಉದ್ದದ ಮರದ ಹಲಗೆ ತೆಗೆದುಕೊಳ್ಳಿ, ಲೋಹದ್ದು ಬೇಡ. ಸಾಧನಗಳನ್ನು ಕನಿಷ್ಠ 30 ಸೆಂಟಿಮೀಟರ್ ಅಂತರದಲ್ಲಿಡಿ. ಈ ಸಿಗ್ನಲ್‌ನ ಅಲೆಯುದ್ದ ಸುಮಾರು 19 ಸೆಂಟಿಮೀಟರ್. ಅದಕ್ಕಿಂತ ಹತ್ತಿರವಿಟ್ಟರೆ ಒಂದರ ಲೋಹದ ಭಾಗಗಳು ಇನ್ನೊಂದರ ಆಂಟೆನಾವನ್ನು ಕೆಡಿಸುತ್ತವೆ. ಪ್ಯಾಚ್‌ನದ್ದನ್ನು ಮಲಗಿಸಿ, ಹೆಲಿಕ್ಸ್‌ನದ್ದನ್ನು ಮರದ ತುಂಡಿಗೆ ಆನಿಸಿ ನಿಲ್ಲಿಸಿ. ಹಲಗೆ ನೆಲದಿಂದ ಎದೆಮಟ್ಟದಲ್ಲಿರಲಿ, ನೀವು ಮೂರ್ನಾಲ್ಕು ಮೀಟರ್ ದೂರ ನಿಲ್ಲಿ. ಪ್ರತಿ ಸುತ್ತಿಗೂ ಸಾಧನಗಳ ಜಾಗ ಅದಲುಬದಲು ಮಾಡಿ.

ಶುರು ಮಾಡುವ ಮುಂಚೆ ಎರಡನ್ನೂ 20 ನಿಮಿಷ ಬಯಲಿನಲ್ಲಿ ಚಾಲೂ ಇಡಿ. ಎಲ್ಲ ಉಪಗ್ರಹಗಳ ಸ್ಥೂಲ ವೇಳಾಪಟ್ಟಿ ಪೂರ್ತಿ ಇಳಿಯಲು 12.5 ನಿಮಿಷ ಬೇಕು. ದೀರ್ಘಕಾಲ ಮುಚ್ಚಿಟ್ಟ ಸಾಧನ ಆ ಪಟ್ಟಿಯಿಲ್ಲದೆ ತಡವರಿಸುತ್ತದೆ. ಪ್ರತಿ ಉಪಗ್ರಹದ ಸೂಕ್ಷ್ಮ ಕಕ್ಷಾ ವಿವರ 30 ಸೆಕೆಂಡಿಗೊಮ್ಮೆ ಮರುಪ್ರಸಾರವಾಗುತ್ತದೆ, ಸುಮಾರು ನಾಲ್ಕು ಗಂಟೆ ಬಾಳುತ್ತದೆ. ಚಾಲೂ ಮಾಡಿದ ಕೂಡಲೇ ಮರಗಳ ಕೆಳಗೆ ನಡೆಯುತ್ತಾ ಹೋದರೆ ಆ 30 ಸೆಕೆಂಡು ನಡುವೆ ಕತ್ತರಿಸಿ, ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ. ‘ನನ್ನದು ಸಿಗ್ನಲ್ ಹಿಡಿಯಲು ಹತ್ತು ನಿಮಿಷ ತೆಗೆದುಕೊಳ್ಳುತ್ತದೆ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ಬಯಲಿನಲ್ಲಿ ಒಂದು ನಿಮಿಷ ಅಲುಗದೆ ನಿಲ್ಲಿ, ಆಮೇಲೆ ಹೊರಡಿ.

ಎರಡರ ಹೊಂದಾಣಿಕೆಗಳೂ ಒಂದೇ ಇರಲಿ. ಡೇಟಮ್, ಅಂದರೆ ಅಕ್ಷಾಂಶ ರೇಖಾಂಶ ಎಣಿಸಲು ಹಿಡಿದ ಭೂಮಿಯ ಮಾದರಿ, ಡಬ್ಲ್ಯೂಜಿಎಸ್ 84 ಇರಲಿ. ಬೇರೆ ಡೇಟಮ್ ಉಳಿದಿದ್ದರೆ ನೂರಾರು ಮೀಟರ್ ಸರಿದುಹೋಗಬಹುದು, ಅದು ಸಾಧನದ ತಪ್ಪಲ್ಲ. ಬ್ಯಾಟರಿ ಉಳಿಸುವ ವಿಧಾನ ಬಂದ್, ಸ್ಥಾನವನ್ನು ನಕ್ಷೆಯ ರಸ್ತೆಗೆ ಅಂಟಿಸುವ ಸೌಲಭ್ಯ ಬಂದ್. ಟ್ರ್ಯಾಕ್ ದಾಖಲೆ ಸೆಕೆಂಡಿಗೊಂದು. ಎರಡಕ್ಕೂ ಹೊಸ ಬ್ಯಾಟರಿ. ಮೊದಲ ಸುತ್ತು ಜಿಪಿಎಸ್ ಒಂದರಲ್ಲೇ ಮಾಡಿ, ಎರಡನೆಯ ಸುತ್ತಿನಲ್ಲಿ ಬೇರೆ ದೇಶಗಳ ಉಪಗ್ರಹ ಸಮೂಹಗಳಾದ ಗ್ಲೋನಾಸ್, ಗೆಲಿಲಿಯೊ, ಬೈದೌ, ಏನೇನಿದೆಯೋ ಎಲ್ಲ ತೆರೆಯಿರಿ. ಇಲ್ಲದಿದ್ದರೆ ರಿಸೀವರ್ ಗೆದ್ದಿತೋ, ಉಪಗ್ರಹಗಳ ಸಂಖ್ಯೆ ಗೆದ್ದಿತೋ ತಿಳಿಯುವುದಿಲ್ಲ.

ಎಲ್ಲಿ ಇಡಬೇಕು? ಸರ್ವೆಯವರು ನಿರ್ದೇಶಾಂಕ ನಿಗದಿ ಮಾಡಿದ ನಿಯಂತ್ರಣ ಬಿಂದು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಲ್ಲಿನ ಮೇಲೆ ಗುರುತಿದೆ ಎಂದಷ್ಟಕ್ಕೆ ನಂಬಬೇಡಿ. ಎತ್ತರ ತೋರಿಸಲು ನೆಟ್ಟ ಕಲ್ಲಿಗೆ ಎತ್ತರ ಮಾತ್ರ ಕರಾರುವಾಕ್ಕಾಗಿರುತ್ತದೆ, ಅದರ ಅಕ್ಷಾಂಶ ರೇಖಾಂಶ ನಕ್ಷೆಯಿಂದ ಅಂದಾಜಿಗೆ ಎತ್ತಿದ್ದಾಗಿರಬಹುದು. ಅಂತರ್ಜಾಲದ ಉಪಗ್ರಹ ಚಿತ್ರದಿಂದ ಬಿಂದು ಆರಿಸಿಕೊಳ್ಳುವುದೂ ಬೇಡ, ಆ ಚಿತ್ರವೇ ಕೆಲವು ಮೀಟರ್ ಸರಿದಿರುವುದು ಸಾಮಾನ್ಯ. ನಿಯಂತ್ರಣ ಬಿಂದು ಇಲ್ಲದಿದ್ದರೂ ಪರೀಕ್ಷೆ ನಿಲ್ಲಬೇಕಿಲ್ಲ. ಬಯಲಿನಲ್ಲಿ ಒಂದು ಗೂಟ ಹೊಡೆದು, ಬೇರೆ ಬೇರೆ ದಿನ ಅದೇ ಗೂಟದ ಮೇಲೆ ಅಳೆಯಿರಿ. ಸಾಧನ ತನ್ನ ಮಾತಿಗೆ ತಾನು ಎಷ್ಟು ಬದ್ಧ ಎಂಬುದು ತಿಳಿಯುತ್ತದೆ. ಎಲ್ಲ ಅಳತೆಗಳೂ ಒಂದೇ ದಿಕ್ಕಿಗೆ ಸರಿದಿದ್ದರೆ ಮಾತ್ರ ಈ ವಿಧಾನದಲ್ಲಿ ಅದು ಗೊತ್ತಾಗುವುದಿಲ್ಲ.

ಒಂದು ದೊಡ್ಡ ಗುಂಡಿ ಇಲ್ಲಿದೆ, ಬಹಳ ಮಂದಿ ಅದರೊಳಗೆ ಬೀಳುತ್ತಾರೆ. ಹತ್ತು ನಿಮಿಷ, ಸೆಕೆಂಡಿಗೊಂದರಂತೆ 600 ಅಳತೆ ತೆಗೆದು ‘600 ಸಲ ಪರೀಕ್ಷಿಸಿದೆ’ ಎನ್ನುತ್ತಾರೆ. ಆ ಹತ್ತು ನಿಮಿಷದಲ್ಲಿ ಉಪಗ್ರಹಗಳ ಸ್ಥಾನ, ಅಯಾನುಗೋಳ, ಪ್ರತಿಫಲನ ಯಾವುದೂ ಹೆಚ್ಚು ಬದಲಾಗಿರುವುದಿಲ್ಲ. ಆ 600ರ ತೂಕ ಬೆರಳೆಣಿಕೆಯ ಅಳತೆಗಳಷ್ಟೇ. ಸಾಲದ್ದಕ್ಕೆ ಕೆಲವು ಸಾಧನಗಳು ವೇಗ ಬಹಳ ಇಳಿದಾಗ ‘ಇವರು ನಿಂತಿದ್ದಾರೆ’ ಎಂದು ತೀರ್ಮಾನಿಸಿ ಸ್ಥಾನವನ್ನು ಅಲ್ಲೇ ಹಿಡಿದಿಟ್ಟುಬಿಡುತ್ತವೆ. ಬಿಂದು ಅಲುಗದಿರುವುದನ್ನು ನೋಡಿ ನೀವು ‘ಎಷ್ಟು ಸ್ಥಿರ!’ ಎಂದುಕೊಳ್ಳುತ್ತೀರಿ. ಅದು ಸ್ಥಿರವಾಗಿ ತಪ್ಪಿದ ಜಾಗದಲ್ಲೇ ಕುಳಿತಿರಬಹುದು. ಆದ್ದರಿಂದ ಅರ್ಧ ಗಂಟೆಗೊಂದು ಅಳತೆ ತೆಗೆಯಿರಿ. ಪ್ರತಿ ಸಲ ಸಾಧನವನ್ನು ಎತ್ತಿಕೊಂಡು ಐವತ್ತು ಹೆಜ್ಜೆ ಹೋಗಿ ಬಂದು ಮತ್ತೆ ಇಡಿ. ಎರಡು ಮೂರು ದಿನಗಳಲ್ಲಿ ಹೀಗೆ 20 ಅಳತೆಯಾದರೆ ಸಾಕು.

ದಿನದ ಹೊತ್ತನ್ನೂ ಬದಲಿಸಿ. ಜಿಪಿಎಸ್ ಉಪಗ್ರಹಗಳು 23 ಗಂಟೆ 56 ನಿಮಿಷಕ್ಕೊಮ್ಮೆ ನಿಮ್ಮ ಆಕಾಶದಲ್ಲಿ ಅದೇ ಜಾಗಕ್ಕೆ ಮರಳುತ್ತವೆ. ದಿನವೂ ಬೆಳಿಗ್ಗೆ ಹತ್ತಕ್ಕೇ ಅಳೆದರೆ ದಿನವೂ ಹೆಚ್ಚುಕಡಿಮೆ ಅದೇ ಆಕಾಶ, ಅದೇ ಗೋಡೆಯಿಂದ ಅದೇ ಪ್ರತಿಫಲನ. ಮೂರು ದಿನವೂ ಒಂದೇ ಉತ್ತರ ಬಂದರೆ ಅಚ್ಚರಿಯೇನಿಲ್ಲ.

ಲೆಕ್ಕ ಹಾಕುವುದು ಕಷ್ಟವಲ್ಲ. ನಿರ್ದೇಶಾಂಕವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ, ಮೂರು ದಶಮಾಂಶ ಸ್ಥಾನದವರೆಗೆ ಓದಿ. ದಶಮಾಂಶವಿಲ್ಲದ ಡಿಗ್ರಿ-ನಿಮಿಷ-ಸೆಕೆಂಡಿನಲ್ಲಿ ಓದಿದರೆ ಒಂದು ಸೆಕೆಂಡೇ 31 ಮೀಟರ್, ಆ ಒರಟು ಅಳತೆಗೋಲಿನಲ್ಲಿ ಏನನ್ನೂ ಹೋಲಿಸಲಾಗದು. ಅಕ್ಷಾಂಶದಲ್ಲಿ ನಿಮಿಷದ ಸಾವಿರದ ಒಂದು ಭಾಗ ಎಂದರೆ ಸುಮಾರು 1.85 ಮೀಟರ್. ರೇಖಾಂಶದಲ್ಲಿ ಅದನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. 15 ಡಿಗ್ರಿ ಅಕ್ಷಾಂಶದಲ್ಲಿ ಅದು 1.79 ಮೀಟರ್ ಆಗುತ್ತದೆ, 60 ಡಿಗ್ರಿಯಲ್ಲಿ 0.93ಕ್ಕೆ ಇಳಿಯುತ್ತದೆ. ನೀವು 15ರ ಆಸುಪಾಸಿನಲ್ಲಿದ್ದು, ಅಳತೆ ಅಕ್ಷಾಂಶದಲ್ಲಿ 0.002 ನಿಮಿಷ, ರೇಖಾಂಶದಲ್ಲಿ 0.003 ನಿಮಿಷ ತಪ್ಪಿದೆ ಎನ್ನಿ. ಉತ್ತರ-ದಕ್ಷಿಣಕ್ಕೆ 3.7 ಮೀಟರ್, ಪೂರ್ವ-ಪಶ್ಚಿಮಕ್ಕೆ 5.4 ಮೀಟರ್. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 6.5 ಮೀಟರ್.

ಹೀಗೆ 20 ತಪ್ಪುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ. ಹತ್ತು ಮತ್ತು ಹನ್ನೊಂದನೆಯದರ ನಡುವಿನದು ಶೇಕಡಾ 50ರ ಅಂಕಿ, ಹತ್ತೊಂಬತ್ತನೆಯದು ಶೇಕಡಾ 95ರ ಅಂಕಿ. ಸರಾಸರಿ ಒಂದನ್ನೇ ನೋಡಬೇಡಿ. ಲೆಕ್ಕಕ್ಕೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೊದಲ ಸಾಧನದ 18 ಅಳತೆಗಳು 2ರಿಂದ 4 ಮೀಟರ್ ಒಳಗಿವೆ, ಉಳಿದೆರಡು 17 ಮತ್ತು 26. ಎರಡನೆಯದರ ಇಪ್ಪತ್ತೂ 4ರಿಂದ 7ರ ಒಳಗಿವೆ. ನಡುವಿನ ಅಂಕಿ ನೋಡಿದರೆ ಮೊದಲನೆಯದು ಗೆಲ್ಲುತ್ತದೆ. ಹತ್ತೊಂಬತ್ತನೆಯದನ್ನು ನೋಡಿದರೆ 17ರ ಎದುರು ಹೆಚ್ಚೆಂದರೆ 7. ಕೆಲಸಕ್ಕೆ ಒಯ್ಯುವುದಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಮೊದಲನೆಯದು ಯಾವ ಸಲ 26 ಮೀಟರ್ ತಪ್ಪುತ್ತದೆ ಎಂದು ಸ್ಥಳದಲ್ಲಿ ನಿಂತವರಿಗೆ ತಿಳಿಯುವ ಬಗೆ ಇಲ್ಲ.

ಬಯಲಿನ ಪರೀಕ್ಷೆ ಇಷ್ಟು. ಬಯಲಿನಲ್ಲಿ ಈಗಿನ ಬಹುತೇಕ ಸಾಧನಗಳು ಒಂದಕ್ಕೊಂದು ಹತ್ತಿರವೇ ಇರುತ್ತವೆ. ಅಂತರ ತೆರೆದುಕೊಳ್ಳುವುದು ಮರಗಳ ಕೆಳಗೆ ಮತ್ತು ಗೋಡೆಯ ಬದಿಯಲ್ಲಿ. ಮೋಡದಿಂದ ಈ ಆವರ್ತನಕ್ಕೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ, ಮಳೆಯಿಂದಲೂ ಇಲ್ಲ. ಆದರೆ ಮಳೆ ನೆನೆಸಿದ ಎಲೆಯಿಂದ ಇದೆ. ಒಣ ದಿನ ಮತ್ತು ನೆನೆದ ದಿನ ಎರಡರಲ್ಲೂ ಅದೇ ಕಾಡುದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಿ. ಹೋದ ಗೆರೆ ಮತ್ತು ಬಂದ ಗೆರೆ ನಕ್ಷೆಯಲ್ಲಿ ಒಂದರ ಮೇಲೊಂದು ಕೂರಬೇಕು. ಅವುಗಳ ನಡುವಿನ ಅಗಲವೇ ನಿಮ್ಮ ಅಳತೆ, ನಿಯಂತ್ರಣ ಬಿಂದುವೂ ಬೇಕಿಲ್ಲ. ಗೋಡೆಯ ಬದಿಯಲ್ಲಿ ತಪ್ಪು ಎಲ್ಲ ದಿಕ್ಕಿಗೂ ಒಂದೇ ಅಲ್ಲ. ಎತ್ತರದ ಕಟ್ಟಡಗಳ ನಡುವಿನ ಬೀದಿಯಲ್ಲಿ ಬೀದಿಯ ಉದ್ದಕ್ಕೂ ಇರುವ ಉಪಗ್ರಹಗಳಷ್ಟೇ ಕಾಣುತ್ತವೆ, ಹಾಗಾಗಿ ಬೀದಿಯ ಅಡ್ಡಕ್ಕೆ ತಪ್ಪು ಹೆಚ್ಚು. ಗೆರೆ ಎದುರು ಬದಿಗೆ ಹಾರುವುದು ಇದೇ ಕಾರಣಕ್ಕೆ.

ಎರಡು ಆವರ್ತನದ ಸಾಧನಗಳು ತಮ್ಮ ಬೆಲೆ ತೀರಿಸುವುದೂ ಇಲ್ಲಿಯೇ. ಎಲ್5 ಎಂಬ 1176.45 ಮೆಗಾಹರ್ಟ್ಸ್ ಸಿಗ್ನಲ್‌ನ ಸಂಕೇತ ಹತ್ತು ಪಟ್ಟು ವೇಗದ್ದು. ಹಳೆಯ ಸಂಕೇತದ ಒಂದು ತುಣುಕು ಸುಮಾರು 293 ಮೀಟರ್ ಉದ್ದ, ಇದರದ್ದು 29. ನೇರ ಸಿಗ್ನಲ್‌ನ ಹಿಂದೆಯೇ 40 ಮೀಟರ್ ತಡವಾಗಿ ಬಂದ ಪ್ರತಿಫಲನ ಹಳೆಯ ಸಂಕೇತದಲ್ಲಿ ಅದರ ಜೊತೆ ಬೆರೆತುಹೋಗುತ್ತದೆ, ಹೊಸದರಲ್ಲಿ ಬೇರೆಯಾಗಿ ನಿಲ್ಲುತ್ತದೆ. ಎರಡು ಆವರ್ತನಗಳ ತಡವನ್ನು ಹೋಲಿಸಿ ಅಯಾನುಗೋಳದ ಪಾಲನ್ನೂ ಕಳೆಯಬಹುದು. ಬಯಲಿನಲ್ಲಿ ಮಾತ್ರ ಓಡಾಡುವವರಿಗೆ ಇದರ ಲಾಭ ಅಷ್ಟಾಗಿ ಕಾಣುವುದಿಲ್ಲ, ಬ್ಯಾಟರಿ ಬೇಗ ಇಳಿಯುವುದು ಕಾಣುತ್ತದೆ.

ನಡೆಯುತ್ತಾ ಪರೀಕ್ಷಿಸಲು 400 ಮೀಟರ್ ಓಟದ ಟ್ರ್ಯಾಕ್ ಸಿಕ್ಕರೆ ಬಿಡಬೇಡಿ. ಅದರ ಪಟ್ಟಿಯ ಅಗಲ 1.22 ಮೀಟರ್ ಎಂದು ನಿಗದಿಯಾಗಿದೆ, ಹಾಗಾಗಿ ಗೆರೆ ಎಷ್ಟು ಪಟ್ಟಿ ಆಚೆ ಹೋಯಿತು ಎಂದು ಎಣಿಸಿದರೆ ಮೀಟರ್ ಸಿಗುತ್ತದೆ. ಒಳಪಟ್ಟಿಯಲ್ಲಿ ಐದು ಸುತ್ತು ಒಂದು ದಿಕ್ಕಿಗೆ, ಐದು ಸುತ್ತು ವಿರುದ್ಧ ದಿಕ್ಕಿಗೆ ನಡೆಯಿರಿ. ಹೆಚ್ಚು ನಯಗೊಳಿಸುವ ಸಾಧನ ನೇರದಲ್ಲಿ ಚೆಂದದ ಗೆರೆ ಎಳೆದು, ತಿರುವಿನ ಶುರುವಿನಲ್ಲಿ ಹೊರಕ್ಕೆ ಜಾರುತ್ತದೆ. ದಿಕ್ಕು ಬದಲಿಸಿದರೆ ಜಾರುವ ಜಾಗವೂ ಬದಲಾಗುತ್ತದೆ. ಗೋಡೆಯಿಂದಲೋ ಮರದಿಂದಲೋ ಬಂದ ತಪ್ಪಾದರೆ ಎರಡೂ ದಿಕ್ಕಿನಲ್ಲಿ ಅದೇ ಜಾಗದಲ್ಲಿರುತ್ತದೆ. ದೂರದ ಅಂಕಿಯನ್ನೂ ನೋಡಿ. ಗೆರೆ ಅಂಕುಡೊಂಕಾದಷ್ಟೂ ದೂರ ಉಬ್ಬುತ್ತದೆ, ಅತಿಯಾಗಿ ನಯಗೊಳಿಸಿದರೆ ಮೂಲೆಗಳು ಕತ್ತರಿಸಿ ಕುಗ್ಗುತ್ತದೆ.

ಎತ್ತರದ ಬಗ್ಗೆ ಎರಡೇ ಮಾತು. ಉಪಗ್ರಹಗಳೆಲ್ಲ ನಿಮ್ಮ ಮೇಲೆಯೇ ಇವೆ, ಕೆಳಗಿನಿಂದ ಅಳೆಯುವ ಒಂದೂ ಇಲ್ಲ. ಅದಕ್ಕೇ ಎತ್ತರದ ತಪ್ಪು ಅಡ್ಡ ತಪ್ಪಿಗಿಂತ ಸಾಮಾನ್ಯವಾಗಿ ಒಂದೂವರೆ ಎರಡು ಪಟ್ಟು. ಒಂದರಲ್ಲಿ ವಾಯುಭಾರಮಾಪಕ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹೋಲಿಕೆಯೇ ಬೇರೆ. ಮಾಪಕ ಕ್ಷಣಕ್ಷಣಕ್ಕೆ ನಯವಾಗಿ ನಡೆಯುತ್ತದೆ, ಆದರೆ ಹವೆ ಬದಲಾಗಿ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ನೀವು ನಿಂತಲ್ಲೇ ಸುಮಾರು 8 ಮೀಟರ್ ಮೇಲೇರಿದಂತೆ ತೋರಿಸುತ್ತದೆ. ಎರಡು ಸಾಧನಗಳ ನಡುವೆ ಹತ್ತಾರು ಮೀಟರ್‌ಗಳ ಸ್ಥಿರ ಅಂತರ ಕಂಡರೆ ಒಂದು ಸಮುದ್ರಮಟ್ಟದಿಂದಲೂ ಇನ್ನೊಂದು ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ದೀರ್ಘಗೋಳದಿಂದಲೂ ಎಣಿಸುತ್ತಿದೆಯೇ ನೋಡಿ. ಇವೆರಡರ ನಡುವಿನ ವ್ಯತ್ಯಾಸ ಭೂಮಿಯ ಕೆಲವೆಡೆ 100 ಮೀಟರ್ ಮುಟ್ಟುತ್ತದೆ.

ಬರೆದಿಡುವಾಗ ಪ್ರತಿ ಹಾಳೆಯ ತಲೆಯ ಮೇಲೆ ದಿನಾಂಕ, ಹೊತ್ತು, ಸಾಧನ ಮಲಗಿತ್ತೇ ನಿಂತಿತ್ತೇ, ಯಾವ ಯಾವ ಉಪಗ್ರಹ ಸಮೂಹ ತೆರೆದಿತ್ತು, ಫರ್ಮ್‌ವೇರ್ (ಸಾಧನದ ಒಳಗಿನ ತಂತ್ರಾಂಶ) ಆವೃತ್ತಿ ಯಾವುದು ಎಂದು ಬರೆಯಿರಿ. ಸ್ಥಾನವನ್ನು ನಯಗೊಳಿಸುವ ರೀತಿ, ‘±’ ಸಂಖ್ಯೆಯ ಸೂತ್ರ, ಎರಡೂ ಫರ್ಮ್‌ವೇರ್‌ನೊಳಗೇ ಇವೆ. ಅದು ಬದಲಾದ ದಿನ ಹಳೆಯ ಅಳತೆಗಳ ಕೆಳಗೆ ಗೆರೆ ಎಳೆದು ಹೊಸ ಹಾಳೆ ತೆಗೆಯಿರಿ.